ಹೆಚ್ಚಿಗೆ ಬಂದ ಸರ್ಕಾರಿ ಹಣ ವಾಪಸ್ ಕೇಳಿದರೆ: ಕಟ್ಟುವ ಮೊದಲು ಲೆಕ್ಕ ಕೇಳಿ

ತಿಂಗಳು ತಿಂಗಳು ಖಾತೆಗೆ ಬೀಳುತ್ತಿದ್ದ ವಿಧವಾ ವೇತನ ಒಂದು ತಿಂಗಳು ಬರುವುದಿಲ್ಲ. ಮುಂದಿನ ತಿಂಗಳೂ ಇಲ್ಲ. ನಾಡಕಚೇರಿಗೆ ಹೋಗಿ ವಿಚಾರಿಸಿದರೆ, "ನಿಮಗೆ ಹೆಚ್ಚುವರಿ ಪಾವತಿ ಆಗಿದೆಯಮ್ಮ, ಅದನ್ನು ವಾಪಸ್ ಕಟ್ಟಬೇಕು" ಎನ್ನುತ್ತಾರೆ. ಎಷ್ಟು, ಯಾವಾಗಿನಿಂದ, ಯಾಕೆ ಎಂದು ಆಕೆ ಕೇಳುವುದಿಲ್ಲ. ಸರ್ಕಾರ ಅಂದ ಮೇಲೆ ಸರಿಯಾಗಿಯೇ ಹೇಳಿರಬೇಕು ಅಂದುಕೊಂಡು ಮನೆಗೆ ಬರುತ್ತಾಳೆ. ಮಗಳ ಕಿವಿಯ ಓಲೆ ಅಡವಿಟ್ಟಾದರೂ ಕಟ್ಟಿಬಿಡೋಣ ಎಂದು ಯೋಚಿಸುತ್ತಾಳೆ.

ಇನ್ನು ಕೆಲವರು ನೋಟಿಸ್ ಬಂದರೆ ಮಡಚಿ ಗೋಡೆಯ ಗೂಡಿಗೆ ಸೇರಿಸುತ್ತಾರೆ. ಕೆಲವು ವರ್ಷದ ಮೇಲೆ ಅದೇ ಮೊತ್ತ ಭೂಕಂದಾಯ ಬಾಕಿಯ ರೂಪದಲ್ಲಿ ವಸೂಲಿಗೆ ಬಂದಾಗ ದಿಕ್ಕು ತೋಚದೆ ಕೂರುತ್ತಾರೆ.

ಈ ಎರಡು ದಾರಿಯೂ ತಪ್ಪು. ಹೆದರಿ ಕಟ್ಟಬಾರದು, ಉತ್ತರ ಕೊಡದೆ ಸುಮ್ಮನೆ ಕೂರಲೂ ಬಾರದು. ತಪ್ಪು ಯಾರದು, ಎಷ್ಟು ಹಣದ್ದು, ಯಾವ ಅವಧಿಯದು ಎಂಬ ಮೂರು ಪ್ರಶ್ನೆಗೆ ಇಲಾಖೆಯಿಂದ ಲಿಖಿತ ಉತ್ತರ ಪಡೆಯಬೇಕು. ಆ ಉತ್ತರದ ಮೇಲೆ ನಿಮ್ಮ ಮುಂದಿನ ಹೆಜ್ಜೆ ನಿಂತಿದೆ. ಚಿತ್ರದುರ್ಗ ತಾಲ್ಲೂಕಿನ ತುರುವನೂರು ಹೋಬಳಿಯಂಥ ಕಡೆ ಈ ಮಾತು ಇನ್ನಷ್ಟು ಮುಖ್ಯ. ಮಳೆ ನಂಬಿದ ಬೇಸಾಯದ ಸೀಮೆ ಇದು. ಶೇಂಗಾ ಕೈಕೊಟ್ಟ ವರ್ಷ ಪಿಂಚಣಿ, ಗೃಹಲಕ್ಷ್ಮಿ, ಬೆಳೆ ಪರಿಹಾರ ಈ ಮೂರರಲ್ಲೇ ಎಷ್ಟೋ ಮನೆಗಳ ಒಲೆ ಉರಿಯುತ್ತದೆ. ಅಲ್ಲಿಂದ ಒಂದು ಸಾವಿರ ರೂಪಾಯಿ ಕಿತ್ತುಕೊಂಡರೂ ಅದು ಊಟದ ತಟ್ಟೆಗೇ ಬೀಳುವ ಏಟು.

ತಪ್ಪು ಎಲ್ಲೆಲ್ಲಿ ಆಗುತ್ತದೆ

ಹೆಚ್ಚುವರಿ ಪಾವತಿಯೆಲ್ಲ ಒಂದೇ ಬಗೆಯದಲ್ಲ. ಸಂಧ್ಯಾ ಸುರಕ್ಷಾ, ವಿಧವಾ ವೇತನ, ಅಂಗವಿಕಲ ವೇತನಗಳಲ್ಲಿ ಆಗುವ ಸಾಮಾನ್ಯ ತಪ್ಪೆಂದರೆ ಒಬ್ಬರಿಗೇ ಎರಡು ಪಿಂಚಣಿ ಹೋಗುವುದು. ನಿಯಮದ ಪ್ರಕಾರ ಒಬ್ಬರಿಗೆ ಒಂದೇ. ಆದರೆ 65 ತುಂಬಿದವರಿಗೆ ಸಂಧ್ಯಾ ಸುರಕ್ಷಾ ಮಂಜೂರು ಮಾಡುವಾಗ ಹಳೆಯ ವಿಧವಾ ವೇತನವನ್ನು ನಿಲ್ಲಿಸಲು ಮರೆತರೆ ಎರಡೂ ನಡೆಯುತ್ತಲೇ ಇರುತ್ತವೆ. ವಯಸ್ಸು ತಪ್ಪಾಗಿ ನಮೂದಾಗುವುದು ಇನ್ನೊಂದು ಬಗೆ. ಹುಟ್ಟಿದ ದಾಖಲೆಯೇ ಇಲ್ಲದ ತಲೆಮಾರು ಅದು. ಆಧಾರ್ ಮಾಡಿಸುವಾಗ ಅಂದಾಜಿನಲ್ಲಿ ಬರೆದ ಇಸವಿ ಒಂದು, ಮತದಾರರ ಚೀಟಿಯಲ್ಲಿ ಇನ್ನೊಂದು.

ಬೆಳೆ ಪರಿಹಾರದ್ದು ಬೇರೆಯೇ ಕಥೆ. ಪಹಣಿ, ಫ್ರೂಟ್ಸ್ ಐಡಿ, ಆಧಾರ್, ಬ್ಯಾಂಕ್ ಖಾತೆ, ಪರಿಹಾರ ತಂತ್ರಾಂಶ ಇವಿಷ್ಟೂ ಒಂದಕ್ಕೊಂದು ತಾಳೆಯಾಗಬೇಕು. ಒಂದು ಕಡೆ ಆಧಾರ್ ಸಂಖ್ಯೆಯ ಒಂದು ಅಂಕಿ ತಪ್ಪಿದರೆ ಒಬ್ಬರ ಸರ್ವೆ ನಂಬರಿನ ದುಡ್ಡು ಮತ್ತೊಬ್ಬರ ಖಾತೆಗೆ ಬೀಳುತ್ತದೆ. ಸಮೀಕ್ಷೆಯಲ್ಲಿ ಹೊಲದ ಬೆಳೆ ತಪ್ಪಾಗಿ ದಾಖಲಾದರೆ, ಖುಷ್ಕಿ ಜಮೀನನ್ನು ನೀರಾವರಿ ಎಂದು ಬರೆದರೆ ಮೊತ್ತವೇ ಬದಲಾಗುತ್ತದೆ. ಪಿಎಂ ಕಿಸಾನ್‌ನಲ್ಲಿ ಗಂಡ ಹೆಂಡತಿ ಇಬ್ಬರಿಗೂ ಹಣ ಹೋಗಿರುವುದು, ಆದಾಯ ತೆರಿಗೆ ಕಟ್ಟುವವರಿಗೆ ಹೋಗಿರುವುದು ದೇಶದೆಲ್ಲೆಡೆ ಪತ್ತೆಯಾಗಿ ವಸೂಲಿ ನಡೆದಿದೆ.

ನಿವೃತ್ತ ಶಿಕ್ಷಕರು, ಗುಮಾಸ್ತರು, ಜವಾನರ ವಿಷಯದಲ್ಲಿ ವೇತನ ನಿಗದಿಯಲ್ಲೇ ತಪ್ಪಾಗಿರುತ್ತದೆ. ಒಂದು ವಾರ್ಷಿಕ ಬಡ್ತಿ ಹೆಚ್ಚಿಗೆ ಸೇರಿರುತ್ತದೆ. ಅಥವಾ ಬ್ಯಾಂಕಿನವರು ಪಿಂಚಣಿ ಪರಿವರ್ತನೆಯ ಕಡಿತವನ್ನು ಹಿಡಿಯಲು ಮರೆತಿರುತ್ತಾರೆ. ಕುಟುಂಬ ಪಿಂಚಣಿಯಲ್ಲಿ ಮೊದಲ ಕೆಲವು ವರ್ಷ ಮಾತ್ರ ಸಿಗಬೇಕಾದ ಹೆಚ್ಚಿನ ದರ ಅವಧಿ ಮುಗಿದ ಮೇಲೂ ನಡೆದುಕೊಂಡು ಬಂದಿರುತ್ತದೆ.

ಇವೆಲ್ಲದರಿಂದ ಬೇರೆಯಾಗಿ ನೋಡಬೇಕಾದ್ದು ಒಂದಿದೆ. ಪಿಂಚಣಿದಾರರು ತೀರಿಕೊಂಡ ಮೇಲೂ ಖಾತೆಗೆ ಹಣ ಬರುತ್ತಿದ್ದು, ಮನೆಯವರು ಎಟಿಎಂ ಕಾರ್ಡಿನಿಂದ ತೆಗೆದಿದ್ದರೆ ಅದನ್ನು ಕಚೇರಿಯ ತಪ್ಪು ಎನ್ನಲು ಬರುವುದಿಲ್ಲ. ಗೃಹಲಕ್ಷ್ಮಿಗೂ ಇದೇ ಮಾತು. ಮನೆಯ ಯಜಮಾನಿ ತೀರಿಕೊಂಡರೆ ಅಂಗನವಾಡಿ ಕಾರ್ಯಕರ್ತೆಗೆ ಇಲ್ಲವೇ ಶಿಶು ಅಭಿವೃದ್ಧಿ ಯೋಜನಾಧಿಕಾರಿ ಕಚೇರಿಗೆ ಮರಣ ಪ್ರಮಾಣಪತ್ರದ ನಕಲು ಕೊಟ್ಟು ತಿಳಿಸಿ. ಆ ಹಣವನ್ನು ಮುಟ್ಟಬೇಡಿ. ಇಲ್ಲಿ ವಾದಕ್ಕೆ ಜಾಗವಿಲ್ಲ.

ಹಣ ಬಂದ ದಿನ

ನೋಟಿಸ್ ಬರುವುದಕ್ಕೆ ಮುಂಚೆಯೇ ತಪ್ಪು ನಿಮ್ಮ ಕಣ್ಣಿಗೆ ಬಿದ್ದರೆ ಅದೃಷ್ಟ ಎಂದುಕೊಳ್ಳಿ. ಖಾತೆಗೆ ಲೆಕ್ಕಕ್ಕಿಂತ ಹೆಚ್ಚು ಬಂದಿದೆ ಅನ್ನಿಸಿದರೆ ಮೊದಲು 'ಡಿಬಿಟಿ ಕರ್ನಾಟಕ' ಆ್ಯಪ್‌ನಲ್ಲಿ ಯಾವ ಯೋಜನೆಯ ಹಣ, ಯಾವ ತಾರೀಕು ಎಂದು ನೋಡಿ. ಫೋನು ಬಾರದವರು ಪಾಸ್‌ಬುಕ್ ಎಂಟ್ರಿ ಮಾಡಿಸಿ ಯಾರಾದರೂ ಓದಿದ ಮಕ್ಕಳಿಗೆ ತೋರಿಸಿ. ಬೇರೆಯವರ ಹಣ ಎಂದು ಖಾತ್ರಿಯಾದರೆ ಖರ್ಚು ಮಾಡಬೇಡಿ. ಅದೇ ವಾರ ತಾಲ್ಲೂಕು ಕಚೇರಿಗೂ ಬ್ಯಾಂಕಿಗೂ ಒಂದೊಂದು ಅರ್ಜಿ ಕೊಟ್ಟು ಸ್ವೀಕೃತಿ ಮುದ್ರೆ ಹಾಕಿಸಿಕೊಳ್ಳಿ. ಈ ಒಂದು ಹಾಳೆ ಮುಂದೆ ನಿಮ್ಮ ಪ್ರಾಮಾಣಿಕತೆಗೆ ಇರುವ ದೊಡ್ಡ ಸಾಕ್ಷಿ. ತಪ್ಪಾಗಿ ಬಂದದ್ದು ಎಂದು ಗೊತ್ತಿದ್ದೂ ಬಳಸಿಕೊಂಡವರ ಮೇಲೆ ಕ್ರಿಮಿನಲ್ ಪ್ರಕರಣ ಹೂಡಲೂ ಕಾನೂನಿನಲ್ಲಿ ಅವಕಾಶವಿದೆ. ಅದಕ್ಕಿಂತ ಹೆಚ್ಚಾಗಿ, ಆ ದುಡ್ಡು ಸೇರಬೇಕಾದ ರೈತ ಇದೇ ಹೋಬಳಿಯವನೇ ಇರಬಹುದು. ಅವನ ಮನೆಯಲ್ಲೂ ಬಿತ್ತನೆ ಬೀಜಕ್ಕೆ ಕಾಯುತ್ತಿರುತ್ತಾರೆ.

ಕೇಳಿದ ಮೊತ್ತವೇ ಸರಿಯಾದ ಮೊತ್ತವಲ್ಲ

ಈ ಲೇಖನದಲ್ಲಿ ಒಂದನ್ನೇ ನೆನಪಿಡುವುದಾದರೆ ಇದನ್ನು ನೆನಪಿಡಿ. ತಪ್ಪು ಆಗಿರುವುದು ನಿಜವೇ ಇದ್ದರೂ ಕೇಳುವ ಮೊತ್ತ ತಪ್ಪಿರಬಹುದು.

ಒಬ್ಬ ಅಜ್ಜಿಯ ಲೆಕ್ಕ ಹಾಕೋಣ. ವಿಧವಾ ವೇತನ ತಿಂಗಳಿಗೆ 800 ರೂಪಾಯಿ ಬರುತ್ತಿತ್ತು. 65 ತುಂಬಿದ ಮೇಲೆ ಸಂಧ್ಯಾ ಸುರಕ್ಷಾ 1,200 ಮಂಜೂರಾಯಿತು, ಹಳೆಯದು ನಿಲ್ಲಲಿಲ್ಲ. 28 ತಿಂಗಳು ಎರಡೂ ಬಂದವು ಎಂದಿಟ್ಟುಕೊಳ್ಳಿ. ಆಕೆಗೆ ಬಂದ ಒಟ್ಟು ಹಣ 56,000. ಎರಡು ಪಿಂಚಣಿ ಪಡೆದದ್ದಕ್ಕೆ ಎರಡೂ ಅಕ್ರಮ ಎಂದು ಪೂರ್ತಿ 56,000 ಕಟ್ಟು ಅಂದರೆ ಅದು ಅನ್ಯಾಯ. ಆಕೆಗೆ ನ್ಯಾಯವಾಗಿ ಸಿಗಬೇಕಿದ್ದ ಸಂಧ್ಯಾ ಸುರಕ್ಷಾದ 33,600 ಕಳೆದರೆ ಹೆಚ್ಚಿಗೆ ಹೋದದ್ದು 22,400 ಮಾತ್ರ. ಅರ್ಧಕ್ಕಿಂತ ಕಡಿಮೆ! ಈ ಕಳೆಯುವ ಲೆಕ್ಕವನ್ನು ಯಾರಾದರೂ ಕೂತು ಮಾಡಬೇಕು. ಕಚೇರಿಯವರು ಮಾಡದಿದ್ದರೆ ನೀವು ಮಾಡಿ ತೋರಿಸಬೇಕು.

ಬೆಳೆ ಪರಿಹಾರದಲ್ಲೂ ಹಾಗೇ. 2023ರ ಬರದಲ್ಲಿ ರಾಜ್ಯ ಸರ್ಕಾರ 223 ತಾಲ್ಲೂಕುಗಳನ್ನು ಬರಪೀಡಿತ ಎಂದು ಘೋಷಿಸಿತು. ಮಳೆಯಾಶ್ರಿತ ಬೆಳೆಗೆ ಹೆಕ್ಟೇರಿಗೆ 8,500 ರೂಪಾಯಿ, ಒಬ್ಬ ರೈತನಿಗೆ ಗರಿಷ್ಠ ಎರಡು ಹೆಕ್ಟೇರ್ ಎಂಬುದು ಆಗಿನ ವಿಪತ್ತು ಪರಿಹಾರದ ಮಾನದಂಡ. ಅಂದರೆ ಎಷ್ಟೇ ಹೊಲವಿದ್ದರೂ ಖುಷ್ಕಿಗೆ 17,000 ದಾಟುತ್ತಿರಲಿಲ್ಲ. ಮೂರು ಎಕರೆ ಶೇಂಗಾ ಹಾಳಾದವರಿಗೆ ಸುಮಾರು 1.21 ಹೆಕ್ಟೇರ್ ಲೆಕ್ಕದಲ್ಲಿ 10,300ರ ಆಸುಪಾಸು ಬರಬೇಕಿತ್ತು. 2024ರ ಆರಂಭದಲ್ಲಿ ಮೊದಲ ಕಂತೆಂದು ಗರಿಷ್ಠ 2,000 ಕೊಟ್ಟು, ಕೇಂದ್ರದ ಹಣ ಬಂದ ಮೇಲೆ ಅದನ್ನು ಕಳೆದು ಬಾಕಿ ಹಾಕಿದರು. ಆ 2,000 ಕಳೆಯದೆ ಹಾಕಿದ್ದರೆ ಹೆಚ್ಚುವರಿ ಆಗಿರುವುದು ಆ 2,000 ಮಾತ್ರ. ನಿಮ್ಮ ಪಹಣಿ ಹಿಡಿದುಕೊಂಡು ಎಕರೆ ಗುಂಟೆಯನ್ನು ಹೆಕ್ಟೇರಿಗೆ ತಿರುಗಿಸಿ ಗುಣಿಸಿ ನೋಡಿ. ಒಂದು ಹೆಕ್ಟೇರ್ ಅಂದರೆ ಹತ್ತಿರ ಹತ್ತಿರ ಎರಡು ಎಕರೆ 19 ಗುಂಟೆ.

ಪಿಎಂ ಕಿಸಾನ್ ನೋಟಿಸ್ ಬಂದಿದ್ದರೆ ಅನರ್ಹತೆಗೆ ಕಾರಣ ಏನೆಂದು ರೈತ ಸಂಪರ್ಕ ಕೇಂದ್ರದಲ್ಲಿ ಬರೆಸಿಕೊಳ್ಳಿ. ಆದಾಯ ತೆರಿಗೆ ಕಾರಣವಾದರೆ ಯಾವ ವರ್ಷದ್ದು ಎಂದು ಕೇಳಿ. ಒಂದು ವರ್ಷ ತೆರಿಗೆ ಕಟ್ಟಿದ್ದಕ್ಕೆ ಅದಕ್ಕೆ ಮುಂಚಿನ ಎಲ್ಲ ಕಂತುಗಳನ್ನೂ ಕೇಳಿದ್ದರೆ ಪ್ರಶ್ನಿಸಿ. ವರ್ಷಕ್ಕೆ ಕೇಂದ್ರದ 6,000 ಒಂದು, ಹಿಂದೆ ರಾಜ್ಯ ಸರ್ಕಾರ ಸೇರಿಸುತ್ತಿದ್ದ 4,000 ಇನ್ನೊಂದು. ಎರಡರ ಪಟ್ಟಿ ಬೇರೆ ಬೇರೆ ಪಡೆಯಿರಿ.

ನಿವೃತ್ತರಿಗೆ ಕೋರ್ಟ್ ಕೊಟ್ಟ ರಕ್ಷಣೆ

ಸರ್ಕಾರಿ ನೌಕರರು ಮತ್ತು ನಿವೃತ್ತರ ವಿಷಯದಲ್ಲಿ ಕಾನೂನು ಬಹಳ ಮಟ್ಟಿಗೆ ಸ್ಪಷ್ಟವಾಗಿದೆ. ಪಂಜಾಬ್ ಸರ್ಕಾರ ಮತ್ತು ರಫೀಕ್ ಮಸೀಹ್ ನಡುವಿನ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2014ರ ಡಿಸೆಂಬರ್ 18ರಂದು ಕೊಟ್ಟ ತೀರ್ಪನ್ನು ಪ್ರತಿಯೊಬ್ಬ ನಿವೃತ್ತ ನೌಕರನೂ ತಿಳಿದಿರಬೇಕು. ನೌಕರನ ಮೋಸವಿಲ್ಲದೆ, ಸುಳ್ಳು ಮಾಹಿತಿ ಇಲ್ಲದೆ, ಇಲಾಖೆಯದೇ ತಪ್ಪಿನಿಂದ ಹೆಚ್ಚು ಹಣ ಹೋಗಿದ್ದರೆ ಕೆಲವು ಸಂದರ್ಭಗಳಲ್ಲಿ ವಸೂಲಿ ಕೂಡದು ಎಂದಿತು. ಮೂರನೇ ಮತ್ತು ನಾಲ್ಕನೇ ದರ್ಜೆಯ, ಅಂದರೆ ಈಗಿನ ಸಿ ಮತ್ತು ಡಿ ಗುಂಪಿನ ನೌಕರರಿಂದ ವಸೂಲಿ ಮಾಡುವಂತಿಲ್ಲ. ನಿವೃತ್ತರಿಂದ, ವಸೂಲಿ ಆದೇಶದಿಂದ ಒಂದು ವರ್ಷದೊಳಗೆ ನಿವೃತ್ತರಾಗುವವರಿಂದ ಮಾಡುವಂತಿಲ್ಲ. ಆದೇಶ ಹೊರಡುವ ಮೊದಲು ಐದು ವರ್ಷಕ್ಕೂ ಮಿಕ್ಕಿ ಹೆಚ್ಚುವರಿ ಪಾವತಿ ನಡೆದಿದ್ದರೆ ಮಾಡುವಂತಿಲ್ಲ. ಮೇಲಿನ ಹುದ್ದೆಯ ಕೆಲಸವನ್ನು ನಿಯಮಬಾಹಿರವಾಗಿ ಮಾಡಿಸಿಕೊಂಡು ಆ ಹುದ್ದೆಯ ಸಂಬಳ ಕೊಟ್ಟಿದ್ದರೆ ಅದನ್ನೂ ಕೇಳುವಂತಿಲ್ಲ. ಇವಲ್ಲದೆ, ವಸೂಲಿ ಮಾಡುವುದು ಇಲಾಖೆಗಾಗುವ ಲಾಭಕ್ಕಿಂತ ನೌಕರನಿಗೆ ಹೆಚ್ಚು ಕ್ರೂರವಾಗುತ್ತದೆ ಎಂದು ಕೋರ್ಟಿಗೆ ಅನ್ನಿಸಿದಾಗಲೂ ತಡೆಯಬಹುದು.

2022ರ ಮೇ 2ರಂದು ಬಂದ ಥಾಮಸ್ ಡೇನಿಯಲ್ ಪ್ರಕರಣದ ತೀರ್ಪು ಇದಕ್ಕೆ ಇನ್ನಷ್ಟು ಬಲ ಕೊಟ್ಟಿತು. ಕೇರಳದ ಒಬ್ಬ ಮುಖ್ಯ ಶಿಕ್ಷಕರು 1999ರಲ್ಲಿ ನಿವೃತ್ತರಾದರು. ರಜೆಯ ಅವಧಿಯೊಂದನ್ನು ಲೆಕ್ಕ ಹಿಡಿಯುವುದರಲ್ಲಿ ಆದ ತಪ್ಪಿನಿಂದ ಹೆಚ್ಚು ವೇತನ ಬಡ್ತಿ ಕೊಡಲಾಗಿದೆ ಎಂದು ಇಲಾಖೆ ವಸೂಲಿಗೆ ಹೊರಟಿತ್ತು. ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ನಡೆದ ವ್ಯಾಜ್ಯ ಅವರ ಪರವಾಗಿ ಮುಗಿಯಿತು. ಆ ಪೀಠದಲ್ಲಿ ನ್ಯಾಯಮೂರ್ತಿ ವಿಕ್ರಮ್ ನಾಥ್ ಅವರ ಜೊತೆಗಿದ್ದವರು ನಮ್ಮ ಕರ್ನಾಟಕ ಹೈಕೋರ್ಟಿನಿಂದ ಹೋದ ನ್ಯಾಯಮೂರ್ತಿ ಎಸ್. ಅಬ್ದುಲ್ ನಜೀರ್. ಸಣ್ಣ ಸಂಬಳದವನು ಕೈಗೆ ಬಂದದ್ದನ್ನು ಸಂಸಾರಕ್ಕೆ ಖರ್ಚು ಮಾಡಿರುತ್ತಾನೆ, ಅದು ತನಗೆ ಸಲ್ಲಬೇಕಾದ್ದೇ ಎಂದು ನಂಬಿರುತ್ತಾನೆ. ಈ ವಾಸ್ತವವನ್ನು ಕಂಡದ್ದರಿಂದಲೇ ನ್ಯಾಯಾಲಯಗಳು ಇಂಥ ಪರಿಹಾರ ಕೊಡುತ್ತಾ ಬಂದಿವೆ.

ಆದರೆ ಇದರ ಮಿತಿಗಳನ್ನು ಮುಚ್ಚಿಡುವುದು ಓದುಗರಿಗೆ ಮಾಡುವ ದ್ರೋಹ. ಈ ರಕ್ಷಣೆ ನೌಕರನ ಹಕ್ಕಲ್ಲ, ಕಷ್ಟ ನೋಡಿ ನ್ಯಾಯಾಲಯ ತೋರುವ ವಿವೇಚನೆ. ಹೆಚ್ಚು ಬರುತ್ತಿದೆ ಎಂದು ನಿಮಗೆ ಗೊತ್ತಿತ್ತು ಎಂದು ಸಾಬೀತಾದರೆ, ಅಥವಾ ತಪ್ಪು ಬೇಗನೆ ಪತ್ತೆಯಾಗಿದ್ದರೆ ವಸೂಲಿಗೆ ಅವಕಾಶ ಸಿಗಬಹುದು. 2012ರ ಚಂಡಿ ಪ್ರಸಾದ್ ಉನಿಯಾಲ್ ತೀರ್ಪಿನಲ್ಲಿ ಇದೇ ಸುಪ್ರೀಂ ಕೋರ್ಟ್, ಇದು ತೆರಿಗೆದಾರರ ಹಣ ಎಂದು ವಸೂಲಿಯ ಕಡೆಗೇ ವಾಲಿತ್ತು. 2016ರ ಜಗದೇವ್ ಸಿಂಗ್ ಪ್ರಕರಣದಲ್ಲಂತೂ, ವೇತನ ಪರಿಷ್ಕರಣೆಯ ಹೊತ್ತಿಗೆ 'ಹೆಚ್ಚು ಪಾವತಿಯಾದರೆ ಹಿಂದಿರುಗಿಸುತ್ತೇನೆ' ಎಂದು ಮುಚ್ಚಳಿಕೆ ಬರೆದುಕೊಟ್ಟಿದ್ದ ಅಧಿಕಾರಿಯಿಂದ ವಸೂಲಿ ಮಾಡಬಹುದು ಎಂದು ಹೇಳಿತು. ಹಾಗಾಗಿ ನಿಮ್ಮ ಸೇವಾ ಪುಸ್ತಕದಲ್ಲಿ ಅಂಥ ಮುಚ್ಚಳಿಕೆ ಇದೆಯೇ ಎಂದು ಮೊದಲು ನೋಡಿಕೊಳ್ಳಿ. ಇನ್ನೊಂದು ಮಾತು: ವಸೂಲಿ ನಿಂತರೂ ತಪ್ಪು ವೇತನ ಮುಂದುವರಿಯುವುದಿಲ್ಲ. ಪಿಂಚಣಿಯನ್ನು ಸರಿಯಾದ ಮಟ್ಟಕ್ಕೆ ಇಳಿಸುವ ಅಧಿಕಾರ ಇಲಾಖೆಗೆ ಇದ್ದೇ ಇದೆ.

ಬ್ಯಾಂಕು ಹೇಳದೆ ಕೇಳದೆ ನಿವೃತ್ತರ ಪಿಂಚಣಿಯಲ್ಲಿ ಮುರಿದುಕೊಳ್ಳಲು ಶುರು ಮಾಡಿದರೆ ಸುಮ್ಮನಿರಬೇಡಿ. 2020ರಲ್ಲಿ ಬಾಂಬೆ ಹೈಕೋರ್ಟಿನ ನಾಗಪುರ ಪೀಠ, ರಕ್ಷಣಾ ಕಾರ್ಖಾನೆಯೊಂದರಿಂದ ನಿವೃತ್ತರಾದ ಹಿರಿಯರೊಬ್ಬರ ಪಿಂಚಣಿಯಿಂದ ಬ್ಯಾಂಕು ಮುರಿದುಕೊಂಡಿದ್ದನ್ನು ವಾಪಸ್ ಕೊಡಿಸಿ, ಮೇಲೆ ದಂಡವನ್ನೂ ಹಾಕಿತು. ಹೆಚ್ಚುವರಿ ಪಿಂಚಣಿ ವಸೂಲಿಯ ಬಗ್ಗೆ ಬ್ಯಾಂಕುಗಳಿಗೆ ತಾನು ಕೊಟ್ಟಿದ್ದ ಹಳೆಯ ಸುತ್ತೋಲೆಗಳನ್ನು ರಿಸರ್ವ್ ಬ್ಯಾಂಕು 2021ರ ಜನವರಿಯಲ್ಲಿ ಹಿಂತೆಗೆದುಕೊಂಡಿತು. ಪಿಂಚಣಿ ಮಂಜೂರು ಮಾಡುವ ಪ್ರಾಧಿಕಾರದಿಂದಲೇ ಮಾರ್ಗದರ್ಶನ ಪಡೆಯಿರಿ ಎಂದು ಬ್ಯಾಂಕುಗಳಿಗೆ ತಿಳಿಸಿತು. ಆದ್ದರಿಂದ ಶಾಖೆಯ ಮ್ಯಾನೇಜರಿಗೆ ನೀವು ಕೇಳಬೇಕಾದ್ದು ಇಷ್ಟು: "ಯಾವ ಪ್ರಾಧಿಕಾರದ ಯಾವ ಆದೇಶದ ಮೇಲೆ ಮುರಿಯುತ್ತಿದ್ದೀರಿ ಸಾರ್, ಅದರ ನಕಲು ಕೊಡಿ." ಲಿಖಿತ ದೂರು ಕೊಟ್ಟು 30 ದಿನದಲ್ಲಿ ಸರಿಯಾದ ಉತ್ತರ ಬರದಿದ್ದರೆ ರಿಸರ್ವ್ ಬ್ಯಾಂಕಿನ ಲೋಕಪಾಲರಿಗೆ ಉಚಿತವಾಗಿ ದೂರು ಸಲ್ಲಿಸಬಹುದು. ಮಾಹಿತಿಗೆ 14448.

ಸಾಮಾಜಿಕ ಭದ್ರತಾ ಪಿಂಚಣಿಯವರಿಗೆ ಏನು ಗತಿ

ರಫೀಕ್ ಮಸೀಹ್ ತೀರ್ಪು ನೇರವಾಗಿ ನೌಕರರ ಸಂಬಳದ ವಿಷಯದ್ದು. ಸಂಧ್ಯಾ ಸುರಕ್ಷಾ ಪಡೆಯುವ ಅಜ್ಜಿಗೆ, ಬೆಳೆ ಪರಿಹಾರ ಪಡೆದ ರೈತನಿಗೆ ಅದು ತಾನಾಗಿ ಅನ್ವಯಿಸುವುದಿಲ್ಲ. ತಪ್ಪಿನಿಂದ ಪಡೆದ ಹಣವನ್ನು ಹಿಂದಿರುಗಿಸಬೇಕು ಎಂದು 1872ರ ಕರಾರು ಕಾಯ್ದೆಯ 72ನೇ ಸೆಕ್ಷನ್ ಹೇಳುತ್ತದೆ. ಸರ್ಕಾರ ದಾವೆ ಹೂಡಲು ಕಾಲಮಿತಿ ಕಾಯ್ದೆ 30 ವರ್ಷ ಕೊಡುತ್ತದೆ. ಹಾಗಾಗಿ 'ಮೂರು ವರ್ಷ ಕಳೆಯಿತು, ಇನ್ನೇನೂ ಮಾಡಲಾರರು' ಎಂದು ಕಟ್ಟೆಯ ಮೇಲೆ ಕೂತು ಹೇಳುವವರ ಮಾತು ನಂಬಬೇಡಿ.

ಆದರೂ ಅಜ್ಜಿ ನಿರಾಯುಧಳಲ್ಲ. ಅರ್ಜಿಯಲ್ಲಿ ಅವಳು ಸುಳ್ಳು ಹೇಳಿಲ್ಲ. ಮಂಜೂರು ಮಾಡಿದ್ದು ಕಚೇರಿ, ಹಳೆಯದನ್ನು ನಿಲ್ಲಿಸದೇ ಬಿಟ್ಟದ್ದೂ ಕಚೇರಿ. ಅವಳ ವಾದವನ್ನು ಕೇಳದೆ ಪಿಂಚಣಿ ನಿಲ್ಲಿಸುವುದು, ಹಣ ಕೇಳುವುದು ಸಹಜ ನ್ಯಾಯಕ್ಕೆ ವಿರುದ್ಧ. ಗುಮಾಸ್ತನ ವಿಷಯದಲ್ಲೇ ಕೋರ್ಟು ಕಷ್ಟ ನೋಡುತ್ತದೆ ಎಂದಾದರೆ ತಿಂಗಳಿಗೆ 1,200 ರೂಪಾಯಿಯಲ್ಲಿ ಬದುಕುವವಳ ವಿಷಯದಲ್ಲಿ ಇನ್ನೂ ಹೆಚ್ಚು ನೋಡಬೇಕು ಎಂದು ವಾದಿಸುವುದು ನ್ಯಾಯವೇ. ತಹಶೀಲ್ದಾರರು ಒಪ್ಪದಿದ್ದರೆ ಉಪವಿಭಾಗಾಧಿಕಾರಿ, ಅವರ ಮೇಲೆ ಜಿಲ್ಲಾಧಿಕಾರಿಗೆ ಬರೆಯಬಹುದು. ಇಷ್ಟೂ ಆಗದಿದ್ದರೆ ಹಣ ಮನ್ನಾ ಮಾಡಿ ಎಂದೋ, ಸಣ್ಣ ಕಂತು ಮಾಡಿ ಎಂದೋ ಕೇಳಬಹುದು. ಪಿಂಚಣಿಯನ್ನು ಪೂರ್ತಿ ನಿಲ್ಲಿಸಬೇಡಿ, ತಿಂಗಳಿಗೆ ನೂರೋ ಇನ್ನೂರೋ ಮುರಿದುಕೊಳ್ಳಿ ಎಂಬ ಕೋರಿಕೆಯನ್ನು ಅರ್ಜಿಯಲ್ಲೇ ಬರೆಯಿರಿ. ಬಾಯಲ್ಲಿ ಹೇಳಿದ್ದು ಕಡತಕ್ಕೆ ಹೋಗುವುದಿಲ್ಲ.

ಅರ್ಜಿ ಹೀಗಿರಲಿ

ದೊಡ್ಡ ಕಾನೂನು ಭಾಷೆ ಬೇಡ. ಒಂದು ಬಿಳಿ ಹಾಳೆ ಸಾಕು.

"ಇವರಿಗೆ: ಮಾನ್ಯ ತಹಶೀಲ್ದಾರರು, ಚಿತ್ರದುರ್ಗ ತಾಲ್ಲೂಕು, ಚಿತ್ರದುರ್ಗ. ವಿಷಯ: ಹೆಚ್ಚುವರಿ ಪಾವತಿ ವಸೂಲಾತಿ ನೋಟಿಸಿಗೆ ಆಕ್ಷೇಪಣೆ. ಉಲ್ಲೇಖ: ತಮ್ಮ ನೋಟಿಸ್ ಸಂಖ್ಯೆ ಮತ್ತು ದಿನಾಂಕ. ಮಾನ್ಯರೇ, ಸದರಿ ನೋಟಿಸ್ ನನಗೆ ಈ ದಿನಾಂಕದಂದು ತಲುಪಿದೆ. ನಾನು ಅರ್ಜಿಯಲ್ಲಿ ಯಾವುದೇ ಸುಳ್ಳು ಮಾಹಿತಿ ನೀಡಿರುವುದಿಲ್ಲ. ಎರಡು ಪಿಂಚಣಿ ಪಾವತಿಯಾಗಿರುವುದು ಕಚೇರಿಯ ಹಂತದಲ್ಲಿ ಆದ ಲೋಪ. ನನಗೆ ಕಾನೂನುಬದ್ಧವಾಗಿ ಸಲ್ಲುವ ಮೊತ್ತವನ್ನು ಕಳೆಯದೆ ಪೂರ್ತಿ ಮೊತ್ತ ಕೇಳಲಾಗಿದೆ. ಆದ್ದರಿಂದ ತಿಂಗಳುವಾರು ಪಾವತಿ ವಿವರ, ಮಂಜೂರಾತಿ ಆದೇಶಗಳ ನಕಲು ಮತ್ತು ವಸೂಲಾತಿಗೆ ಆಧಾರವಾದ ಸರ್ಕಾರಿ ಆದೇಶದ ನಕಲು ಒದಗಿಸಿ, ನನ್ನ ಅಹವಾಲು ಆಲಿಸಿದ ನಂತರವೇ ಕ್ರಮ ಕೈಗೊಳ್ಳಬೇಕಾಗಿಯೂ, ಅಲ್ಲಿಯವರೆಗೆ ನನ್ನ ಪಿಂಚಣಿ ಮುಂದುವರಿಸಬೇಕಾಗಿಯೂ ಕೋರುತ್ತೇನೆ. ನಾನು ವೃದ್ಧೆ, ಬೇರೆ ಆದಾಯವಿರುವುದಿಲ್ಲ. ಈ ಅರ್ಜಿಗೆ ಲಿಖಿತ ಹಿಂಬರಹ ನೀಡಬೇಕಾಗಿ ವಿನಂತಿ."

ಕೊನೆಯ ವಾಕ್ಯ ಬಿಡಬೇಡಿ. ಹಿಂಬರಹ ಎಂದರೆ ನಿಮ್ಮ ಅರ್ಜಿಗೆ ಕಚೇರಿ ಬರೆದುಕೊಡುವ ಉತ್ತರ. ನಾಳೆ ಮೇಲಿನವರ ಮುಂದೆ ಹೋಗಲು, ಕೋರ್ಟಿಗೆ ಹೋಗಲು ಕೈಯಲ್ಲಿ ಹಿಡಿಯಲು ಸಿಗುವುದು ಅದೇ. ಎರಡು ಪ್ರತಿ ಬರೆಯಿರಿ. ಕಚೇರಿಯ ಟಪಾಲು ವಿಭಾಗದಲ್ಲಿ ಒಂದನ್ನು ಕೊಟ್ಟು ಇನ್ನೊಂದರ ಮೇಲೆ ಮುದ್ರೆ, ದಿನಾಂಕ, ಆವಕ ಸಂಖ್ಯೆ ಹಾಕಿಸಿಕೊಳ್ಳಿ. ಚಿತ್ರದುರ್ಗಕ್ಕೆ ಬಸ್ಸು ಹತ್ತಿ ಹೋಗಲು ಆಗದವರು ತುರುವನೂರು ಅಂಚೆ ಕಚೇರಿಯಿಂದ ಸ್ಪೀಡ್ ಪೋಸ್ಟ್ ಮಾಡಿ ರಸೀದಿಯನ್ನು ಅರ್ಜಿಯ ಪ್ರತಿಗೆ ಅಂಟಿಸಿಡಿ.

ಕಚೇರಿಯಲ್ಲಿ ಒಮ್ಮೊಮ್ಮೆ ಹೀಗೂ ಆಗುತ್ತದೆ. "ಯಜಮಾನ್ರೇ, ಸುಮ್ನೆ ಇಲ್ಲೊಂದು ಹೆಬ್ಬೆಟ್ಟು ಒತ್ತಿಬಿಡಿ, ಪಿಂಚಣಿ ಶುರು ಮಾಡ್ತೀವಿ" ಎನ್ನುತ್ತಾರೆ. ಆ ಹಾಳೆಯಲ್ಲಿ 'ಪೂರ್ತಿ ಮೊತ್ತ ಕಟ್ಟಲು ಒಪ್ಪಿದ್ದೇನೆ' ಎಂದು ಬರೆದಿದ್ದರೆ ಮುಂದಿನ ವಾದವೆಲ್ಲ ಅಲ್ಲಿಗೇ ಮುಗಿಯಿತು. ಓದಿಸದೆ ಹೆಬ್ಬೆಟ್ಟು ಒತ್ತಬೇಡಿ. "ಮನೆಯಲ್ಲಿ ತೋರಿಸಿ ನಾಳೆ ತರ್ತೀನಿ ಸ್ವಾಮಿ" ಎಂದು ಹೇಳಿ ಹಾಳೆ ತೆಗೆದುಕೊಂಡು ಬನ್ನಿ. 1939ರಲ್ಲಿ ಬ್ರಿಟಿಷರ ಕಾಲದಲ್ಲೇ ಈಚಲು ಮರ ಕಡಿದು ಸತ್ಯಾಗ್ರಹ ಮಾಡಿದ ಊರು ತುರುವನೂರು. ಇಲ್ಲಿನವರು ಒಂದು ಹಾಳೆ ಓದಿ ಸಹಿ ಮಾಡುತ್ತೇನೆ ಎನ್ನಲು ಅಳುಕಬೇಕಾಗಿಲ್ಲ.

ದಾಖಲೆ ಕೊಡದಿದ್ದರೆ

ಮಾಹಿತಿ ಹಕ್ಕು ಅರ್ಜಿ ಹಾಕಿ. ಶುಲ್ಕ 10 ರೂಪಾಯಿ, ಪೋಸ್ಟಲ್ ಆರ್ಡರ್ ಸಾಕು. ಬಿಪಿಎಲ್ ಕಾರ್ಡಿನವರು ಕಾರ್ಡಿನ ನಕಲು ಲಗತ್ತಿಸಿದರೆ ಆ ಶುಲ್ಕವೂ ಇಲ್ಲ. ಕರ್ನಾಟಕದ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದಗಳ ಮಿತಿ ಇದೆ. ಇದನ್ನು ಮೀರಿದ ಅರ್ಜಿಗಳು ವಾಪಸ್ಸಾಗುತ್ತವೆ. ಹಾಗಾಗಿ ಕಥೆ ಬರೆಯದೆ ದಾಖಲೆ ಮಾತ್ರ ಕೇಳಿ: ಪಿಂಚಣಿ ಮಂಜೂರಾತಿ ಆದೇಶದ ನಕಲು, ತಿಂಗಳುವಾರು ಪಾವತಿ ಪಟ್ಟಿ, ಹೆಚ್ಚುವರಿ ಪಾವತಿ ಪತ್ತೆಯಾದ ಕಡತದ ಟಿಪ್ಪಣಿ ಹಾಳೆ, ಮಂಜೂರು ಮಾಡಿದ ಅಧಿಕಾರಿಯ ಪದನಾಮ. ಟಿಪ್ಪಣಿ ಹಾಳೆಯಲ್ಲಿ ಬಹಳ ಸಲ ತಪ್ಪು ಯಾರ ಹಂತದಲ್ಲಾಯಿತು ಎಂದು ಅವರೇ ಬರೆದುಕೊಂಡಿರುತ್ತಾರೆ. ಅದಕ್ಕಿಂತ ಒಳ್ಳೆಯ ಸಾಕ್ಷಿ ನಿಮಗೆ ಸಿಗದು. 30 ದಿನದಲ್ಲಿ ಉತ್ತರ ಬರದಿದ್ದರೆ ಮುಂದಿನ 30 ದಿನದಲ್ಲಿ ಮೊದಲ ಮೇಲ್ಮನವಿ, ಆಮೇಲೆ 90 ದಿನದೊಳಗೆ ಕರ್ನಾಟಕ ಮಾಹಿತಿ ಆಯೋಗ.

ಲೆಕ್ಕ ಕೇಳುವ ಈ ಹಟ ಕ್ಷುಲ್ಲಕವಲ್ಲ. ಆಸ್ಟ್ರೇಲಿಯಾದಲ್ಲಿ ಸರ್ಕಾರವೊಂದು ವರ್ಷದ ಆದಾಯವನ್ನು ಎರಡೆರಡು ವಾರಗಳ ಅವಧಿಗಳಿಗೆ ಸಮನಾಗಿ ಹಂಚುವ ಗಣಕ ಲೆಕ್ಕದಿಂದ ಲಕ್ಷಾಂತರ ಬಡವರಿಗೆ ಸಾಲದ ನೋಟಿಸ್ ಕಳಿಸಿತ್ತು. ಲೆಕ್ಕದ ವಿಧಾನವೇ ಕಾನೂನುಬಾಹಿರ ಎಂದು ಕೊನೆಗೆ ಒಪ್ಪಿ ಹಣ ಹಿಂದಿರುಗಿಸಬೇಕಾಯಿತು. 2023ರಲ್ಲಿ ಅಲ್ಲಿನ ರಾಯಲ್ ಆಯೋಗ ಅದನ್ನು ಕಟುವಾಗಿ ಖಂಡಿಸಿತು. ನೆದರ್ಲೆಂಡ್ಸ್‌ನಲ್ಲಿ ಮಕ್ಕಳ ಪಾಲನಾ ಭತ್ಯೆ ಪಡೆದ ಸಾವಿರಾರು ತಾಯ್ತಂದೆಯರನ್ನು ಸಣ್ಣ ಕಾಗದದ ತಪ್ಪಿಗೆ ಮೋಸಗಾರರೆಂದು ಕರೆದು ಪೂರ್ತಿ ಹಣ ವಸೂಲಿ ಮಾಡಿದ್ದಕ್ಕೆ 2021ರ ಜನವರಿಯಲ್ಲಿ ಇಡೀ ಸಚಿವ ಸಂಪುಟವೇ ರಾಜೀನಾಮೆ ಕೊಟ್ಟಿತು. ಅಲ್ಲೂ ಸಿಕ್ಕಿಬಿದ್ದವರು ಮೊದಲು ಕೇಳಿದ್ದು ಇದೇ ಪ್ರಶ್ನೆ: ಈ ಮೊತ್ತ ಎಲ್ಲಿಂದ ಬಂತು?

ಕಟ್ಟಲೇಬೇಕಾದರೆ

ಲೆಕ್ಕ ಸರಿಯಿದೆ, ಕೊಡುವುದೇ ನ್ಯಾಯ ಎಂದು ಮನದಟ್ಟಾದರೆ ಕಟ್ಟಿ. ಆದರೆ ಯಾರ ಕೈಗೂ ನಗದು ಕೊಡಬೇಡಿ. ಗ್ರಾಮ ಆಡಳಿತ ಅಧಿಕಾರಿಯ ಫೋನ್ ಪೇಗೂ ಹಾಕಬೇಡಿ. ಸರ್ಕಾರದ ಖಜಾನೆ-2 ಚಲನ್ ಮೂಲಕ ಸರಿಯಾದ ಲೆಕ್ಕ ಶೀರ್ಷಿಕೆಗೆ ಕಟ್ಟಬೇಕು. ಪಿಎಂ ಕಿಸಾನ್ ಹಣಕ್ಕೆ ಆ ಯೋಜನೆಯ ಪೋರ್ಟಲ್‌ನಲ್ಲೇ ಹಿಂದಿರುಗಿಸುವ ವ್ಯವಸ್ಥೆ ಇದೆ. ಕಟ್ಟಿದ ಮೇಲೆ ಚಲನ್ ನಕಲಿನ ಜೊತೆ 'ಬಾಕಿ ಇಲ್ಲ' ಎಂಬ ಪತ್ರ ಕೇಳಿ ಪಡೆಯಿರಿ. ಇಲ್ಲದಿದ್ದರೆ ಅಧಿಕಾರಿ ವರ್ಗವಾದ ಮೇಲೆ ಅದೇ ನೋಟಿಸ್ ಮತ್ತೆ ಬಂದರೂ ಬಂತೇ. "ಹೆಚ್ಚು ಹಣ ಬಂದಿದೆ, ವಾಪಸ್ ಹಾಕಿ, ಒಟಿಪಿ ಹೇಳಿ" ಎಂದು ಫೋನಿನಲ್ಲಿ ಕೇಳುವವರು ಕಳ್ಳರು. ಇಲಾಖೆ ಹೀಗೆ ಕೇಳುವುದಿಲ್ಲ. ಅಂಥವರಿಗೆ ಹಣ ಹೋಗಿಬಿಟ್ಟಿದ್ದರೆ ತಡಮಾಡದೆ 1930ಕ್ಕೆ ಕರೆ ಮಾಡಿ.

ಕಚೇರಿಯ ಹಂತದಲ್ಲಿ ದಾರಿ ಕಾಣದಿದ್ದರೆ 1902 ಜನಸ್ಪಂದನ ಸಹಾಯವಾಣಿಯಲ್ಲಿ ದೂರು ದಾಖಲಿಸಿ ಸಂಖ್ಯೆ ಬರೆದಿಟ್ಟುಕೊಳ್ಳಿ. ಹೋಬಳಿಯಲ್ಲಿ ಪಿಂಚಣಿ ಅದಾಲತ್ ನಡೆದರೆ ಕಾಗದಗಳ ಜೊತೆ ಹೋಗಿ. ಅಧಿಕಾರಿಯ ಬೇಜವಾಬ್ದಾರಿಯ ದೂರು ಲೋಕಾಯುಕ್ತಕ್ಕೂ ಕೊಡಬಹುದು. ರಾಜ್ಯ ಸರ್ಕಾರಿ ನೌಕರರ ವೇತನ, ಪಿಂಚಣಿ ವ್ಯಾಜ್ಯಕ್ಕೆ ಕರ್ನಾಟಕ ರಾಜ್ಯ ಆಡಳಿತ ನ್ಯಾಯಮಂಡಳಿ ಇದೆ. ಉಳಿದವರು ರಿಟ್ ಅರ್ಜಿಗೆ ಹೋಗಬೇಕಾದರೆ ಚಿತ್ರದುರ್ಗ ಜಿಲ್ಲೆಗೆ ಬೆಂಗಳೂರಿನ ಹೈಕೋರ್ಟ್. ವಕೀಲರಿಗೆ ಕೊಡಲು ದುಡ್ಡಿಲ್ಲ ಎಂದು ಕೈಚೆಲ್ಲಬೇಡಿ. ಮಹಿಳೆಯರಿಗೆ, ಪರಿಶಿಷ್ಟ ಜಾತಿ ಪಂಗಡದವರಿಗೆ, ಅಂಗವಿಕಲರಿಗೆ ಆದಾಯ ಎಷ್ಟೇ ಇರಲಿ 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆಯ ಪ್ರಕಾರ ಉಚಿತ ವಕೀಲರು ಸಿಗುತ್ತಾರೆ. ಚಿತ್ರದುರ್ಗದ ನ್ಯಾಯಾಲಯ ಸಂಕೀರ್ಣದ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದ ಕಚೇರಿಗೆ ಹೋಗಿ, ಇಲ್ಲವೇ 15100ಕ್ಕೆ ಕರೆ ಮಾಡಿ.

ತುರುವನೂರಿನ ಓದಿದ ಹುಡುಗ ಹುಡುಗಿಯರಲ್ಲಿ ಒಂದು ವಿನಂತಿ. ನಿಮ್ಮ ಓಣಿಯಲ್ಲಿ ಪಿಂಚಣಿ ನಿಂತುಹೋಗಿರುವ ಒಬ್ಬ ಅಜ್ಜಿಯೋ ತಾತನೋ ಇದ್ದೇ ಇರುತ್ತಾರೆ. ಒಂದು ಸಂಜೆ ಅವರ ಪಾಸ್‌ಬುಕ್ ತೆಗೆದು ನೋಡಿ, ಮೇಲಿನ ಅರ್ಜಿಯನ್ನು ಅವರ ಹೆಸರಿನಲ್ಲಿ ಬರೆದುಕೊಡಿ, ಅಂಚೆಗೆ ಹಾಕಿ ಬನ್ನಿ.